‘ಹೊರಡಲಿದೆ’ಗೆ ಮುಂಚಿನ ಜಾಗ

ಆಗಸ್ಟ್ 4

ಅಮ್ಮ,

ಬಂದು ಸೇರಿದೆ. ಬಸ್ಸು ಹತ್ತುವಾಗಲೇ ಟ್ರಂಕಿನ ಹಿಡಿ ಕಿತ್ತು ಕೈಗೆ ಬಂತು. ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ತಬ್ಬಿಕೊಂಡೇ ದಾರಿಯೆಲ್ಲ ಕೂತಿದ್ದೆ. ಹಾಸ್ಟೆಲ್ ಕೋಣೆಯಲ್ಲಿ ನಾವಿಬ್ಬರು. ಜೊತೆಯವಳು ಎಚ್ಚರವಿದ್ದಾಗ ತುಟಿ ಬಿಚ್ಚುವುದಿಲ್ಲ, ನಿದ್ದೆಯಲ್ಲಿ ಮಾತ್ರ ಊರಿನ ಪಂಚಾಯಿತಿಯೆಲ್ಲ ಮಾಡುತ್ತಾಳೆ.

ನಿನ್ನ ಮೇಲೆ ಒಂದು ದೂರಿದೆ. ನಾನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಮೈಕು ಕೈಕೊಟ್ಟಿತು. ‘ಪ್ರಯಾಣಿಕರ ಗಮನಕ್ಕೆ. ಸೇತುವೆ ದಾಟಿ ಹೋಗುವ ಕೊನೆಯ ಬಸ್ಸು ಮೂರನೇ ಅಂಕಣದಿಂದ’ ಅಂತ ಹೇಳಿ, ನೀನು ದಿನಾ ಒಂಚೂರು ನಿಲ್ಲುವ ಜಾಗದಲ್ಲೇ ಪೂರ್ತಿ ನಿಂತುಬಿಟ್ಟಿತು. ಬಸ್ಸಿನಲ್ಲಿದ್ದವರೆಲ್ಲ ಕತ್ತು ಎತ್ತಿ ಸ್ಪೀಕರ್ ನೋಡಿದರು. ಡ್ರೈವರ್ ಗೇರ್ ಮೇಲೆ ಕೈಯಿಟ್ಟುಕೊಂಡು ಕಾದ. ಆಮೇಲೆ ಯಾವಾಗಲೋ ‘ಹೊರಡಲಿದೆ’ ಬಂತು. ಇಷ್ಟು ವರ್ಷ ಊರಿನ ಬಸ್ಸುಗಳನ್ನೆಲ್ಲ ಕೂಗಿದವಳು, ಮಗಳ ಬಸ್ಸಿಗೇ ಹೀಗಾ? ಮೆಕ್ಯಾನಿಕ್ಕಿಗೆ ಹೇಳಿ ವೈರು ನೋಡಿಸು.

ಅಕ್ಷರ ವಿನ್ಯಾಸದ ಕ್ಲಾಸು ಶುರುವಾಗಿದೆ. ಮೊದಲ ದಿನವೇ ‘ಭಾರ’ ಅನ್ನುವ ಪದವನ್ನು ಭಾರವಾಗಿ ಕಾಣುವಂತೆ ಬರೆಯಲು ಹೇಳಿದರು. ಚಿತ್ರ ಬಿಡಿಸುವಂತಿಲ್ಲ, ಬಣ್ಣ ಹಾಕುವಂತಿಲ್ಲ, ಬರೀ ಅಕ್ಷರ. ಎಲ್ಲರೂ ದಪ್ಪ ದಪ್ಪ ಬರೆದೆವು. ಮೇಷ್ಟ್ರು ಒಂದೊಂದೇ ಹಾಳೆ ಎತ್ತಿ ನೋಡಿ, “ದಪ್ಪ ಮಾಡಿದ್ರೆ ದಪ್ಪ ಆಗುತ್ತೆ. ಭಾರ ಹೇಗಾಗುತ್ತೆ?” ಅಂದರು. ಅಕ್ಷರದ ಸುತ್ತ ಜಾಗ ಬಿಡಿ, ಜಾಗ ಬಿಡಿ ಅಂತ ದಿನವಿಡೀ ಅದೇ ಜಪ. ಅವರಿಗೆ ಇಲ್ಲಿ ಜಾಗ ಮೇಷ್ಟ್ರು ಅಂತಲೇ ಹೆಸರು.

ಹಾಸ್ಟೆಲಿನ ಮೆಟ್ಟಿಲ ಕೆಳಗೆ ಒಂದು ಫೋನಿದೆ. ನಮ್ಮ ಪಕ್ಕದ ಟೈಲರಮ್ಮನ ಮನೆಗೆ ಎಷ್ಟು ಸಲ ಮಾಡಿದರೂ “ನಿಮ್ಮಮ್ಮ ಮನೇಲಿಲ್ಲ ಕಣೆ” ಅನ್ನುತ್ತಾರೆ. ಎಲ್ಲಿ ಸುತ್ತುತ್ತಿದ್ದೀಯ? ನಿನ್ನ ದನಿ ಕೇಳದೆ ಇಲ್ಲಿ ಬೆಳಗೇ ಆಗುವುದಿಲ್ಲ ಅನಿಸುತ್ತದೆ.

ನಿನ್ನ ಮಗಳು


ಆಗಸ್ಟ್ 19

ಗುಬ್ಬಿ,

ಬೈಯಬೇಡ. ಮನೆಯಲ್ಲಿರಲಿಲ್ಲ, ಆಸ್ಪತ್ರೆಯಲ್ಲಿದ್ದೆ. ಗಂಟಲಲ್ಲಿ ಒಂದು ಸಣ್ಣ ಗಂಟು ಇತ್ತು, ತೆಗೆದರು. ನಿನಗೆ ಮೊದಲೇ ಹೇಳಿದ್ದರೆ ನೀನು ಟ್ರಂಕು ಇಳಿಸಿ ಬೆಂಚಿನ ಮೇಲೆ ಕೂತುಬಿಡುತ್ತಿದ್ದೆ. ಕಾಲೇಜಿನಲ್ಲಿ ಸೀಟು ಸಿಗುವುದೇ ಕಷ್ಟ, ಸಿಕ್ಕಿದ ಸೀಟು ಬಿಟ್ಟು ನನ್ನ ಹಾಸಿಗೆ ಪಕ್ಕ ನೊಣ ಹೊಡೆಯುತ್ತಾ ಕೂರುವುದು ಬೇಕಿತ್ತಾ?

ಈಗ ಮನೆಗೆ ಬಂದಿದ್ದೇನೆ. ಟೈಲರಮ್ಮ ಮಿಷನ್ನು ಸಮೇತ ನಮ್ಮ ಪಡಸಾಲೆಗೆ ಬಂದು ಕೂತಿದ್ದಾಳೆ. ಸದ್ಯಕ್ಕೆ ಮಾತಾಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಬಾಯಿಗೆ ಬೀಗ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಮಾತೇ ಇಲ್ಲದವಳಿಗೆ ಏನೇನು ಇಲ್ಲವೋ ನೋಡೋಣ. ಒಂದು ಸ್ಲೇಟು ತಂದುಕೊಂಡಿದ್ದೇನೆ. ಹಾಲಿನವನ ಜೊತೆ ಜಗಳವನ್ನೂ ಅದರಲ್ಲೇ ಆಡಿದೆ. ಬರೆದು ಮುಗಿಸುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಮೈಕಿಗೆ ಏನೂ ಆಗಿರಲಿಲ್ಲ. ಬಿಡು ಅದನ್ನ.

ಓಡಿ ಬರಬೇಡ. ನಿನ್ನ ಮುಖ ಕಂಡರೆ ಮಾತಾಡದೆ ಇರಲು ನನ್ನ ಕೈಲಾಗದು, ಹೊಲಿಗೆ ಬಿಚ್ಚಿಹೋದೀತು. ದನಿ ಬಂದ ಮೇಲೆ ಬಾ. ಅಲ್ಲಿಯವರೆಗೆ ಕಾಗದ ಬರಿ, ಉದ್ದಕ್ಕೆ ಬರಿ.

ಅಮ್ಮ


ಸೆಪ್ಟೆಂಬರ್ 2

ಅಮ್ಮ,

ಕೋಪ ಬಂದಿದೆ, ಇನ್ನೂ ಇಳಿದಿಲ್ಲ. ಸಣ್ಣ ಗಂಟಂತೆ! ಯಾರ ಗಂಟಲಲ್ಲಿ ಇದ್ದರೆ ಸಣ್ಣದು ಅನಿಸುತ್ತದೆ ಹೇಳು.

ಮೊನ್ನೆ ಟೈಲರಮ್ಮ ನಿನ್ನನ್ನು ಫೋನಿಗೆ ಕರೆದು ಕೊಟ್ಟರಲ್ಲ, ಆವತ್ತು ನನ್ನ ಹಿಂದೆ ದೊಡ್ಡ ಸಾಲಿತ್ತು. ನಾನೊಬ್ಬಳೇ ಮಾತಾಡುತ್ತಿದ್ದೆ. ನೀನು ಬಳೆಯಿಂದ ರಿಸೀವರಿಗೆ ಕುಟ್ಟಿದೆ. ಹೌದು ಅಂದರೆ ಒಂದು ಸಲ, ಅಲ್ಲ ಅಂದರೆ ಎರಡು ಅಂತ ನಾವೇ ಆಗ ಒಪ್ಪಂದ ಮಾಡಿಕೊಂಡೆವು. ಊಟ ಆಯ್ತಾ ಅಂದರೆ ಒಂದು. ನೋವಿದೆಯಾ ಅಂದರೆ ಎರಡು. ಮಾತು ಬೇಡ, ಉಸಿರಾಡುವುದಾದರೂ ಕೇಳಿಸು ಅಂದೆ. ಎಷ್ಟು ಹೊತ್ತು ಕಿವಿಯಿಟ್ಟರೂ ಏನೂ ಕೇಳಿಸಲಿಲ್ಲ. ಫೋನು ದೂರ ಹಿಡಿದಿದ್ದೆಯಾ? ಹಿಂದಿನವಳು ಭುಜ ತಟ್ಟಿದಾಗ ಇಟ್ಟುಬಿಟ್ಟೆ. ಇನ್ನು ಫೋನ್ ಮಾಡುವುದಿಲ್ಲ. ಆ ಸದ್ದಿಲ್ಲದ ಫೋನಿಗಿಂತ ನಿನ್ನ ಕೋಳಿಕಾಲು ಅಕ್ಷರವೇ ವಾಸಿ.

ಕ್ಲಾಸಿನಲ್ಲಿ ಈ ವಾರ ‘ದೂರ’ ಪದ. ನಾನು ‘ದೂ’ ಒಂದು ಅಂಚಿಗೂ ‘ರ’ ಇನ್ನೊಂದು ಅಂಚಿಗೂ ಬರೆದೆ. ಜಾಗ ಮೇಷ್ಟ್ರು ನೋಡಿ, ಇದು ದೂರ ಅಲ್ಲ, ಇವೆರಡೂ ಮುನಿಸಿಕೊಂಡು ಕೂತಿವೆ ಅಂದರು. ದೂರ ಆಗಬೇಕಾದರೆ ಒಂದಕ್ಕೊಂದು ಬೇಕು ಅನ್ನುವುದು ಕಾಣಬೇಕಂತೆ. ತಿರುಗಿ ಬರೆಯುತ್ತಿದ್ದೇನೆ. ‘ರ’ ಸ್ವಲ್ಪ ‘ದೂ’ ಕಡೆಗೆ ವಾಲಿದರೆ ಹೇಗೆ ಅಂತ ನೋಡುತ್ತಿದ್ದೇನೆ.

ನಿನ್ನ ದನಿ ಯಾವಾಗ ಬರುತ್ತದಂತೆ? ಡಾಕ್ಟರನ್ನು ಸರಿಯಾಗಿ ಕೇಳಿ ಬರಿ.

ಮಗಳು


ಅಕ್ಟೋಬರ್ 11

ಗುಬ್ಬಿ,

ಹೌದು, ಫೋನು ದೂರ ಹಿಡಿದಿದ್ದೆ.

ನಿಮ್ಮ ಜಾಗ ಮೇಷ್ಟ್ರು ತಪ್ಪಿ ಮೇಷ್ಟ್ರಾಗಿದ್ದಾರೆ. ಇಡೀ ದಿನ ‘ಜಾಗ ಬಿಡಿ, ಜಾಗ ಬಿಡಿ’ ಅನ್ನುವವರು ಕಂಡಕ್ಟರ್ ಆಗಬೇಕಿತ್ತು. ನಮ್ಮ ಡಿಪೋದಲ್ಲಿ ಒಂದು ಕೆಲಸ ಖಾಲಿಯಿದೆ, ಕೇಳಿ ನೋಡು.

ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಮೈಕಿನ ಗೂಡಿಗಲ್ಲ, ಬಿಟ್ಟುಹೋದ ಸಾಮಾನಿನ ಕೋಣೆಗೆ. ಮ್ಯಾನೇಜರ್ ಒಳ್ಳೆಯವರು, ಅಲ್ಲಿ ಮಾತಿನ ಅಗತ್ಯ ಕಡಿಮೆ ಅಂತ ಹಾಕಿದ್ದಾರೆ. ಕೊಡೆಗಳು, ಒಂಟಿ ಚಪ್ಪಲಿ, ಟಿಫಿನ್ ಡಬ್ಬಿ, ಮೊನ್ನೆ ಯಾರೋ ಹಲ್ಲುಸೆಟ್ಟು ಬಿಟ್ಟುಹೋಗಿದ್ದರು. ಅದನ್ನು ಕೇಳಲು ಬಂದ ಮುದುಕನಿಗೂ ಮಾತು ಹೊರಡದು, ನನಗೂ ಹೊರಡದು. ನಮ್ಮಿಬ್ಬರ ಕೈಸನ್ನೆ ನೋಡಿ ಪೋರ್ಟರುಗಳೆಲ್ಲ ನಕ್ಕಿದ್ದೇ ನಕ್ಕಿದ್ದು. ಮಾತಾಡದವಳಿಗೆ ಕಿವಿಯೂ ಇಲ್ಲ ಅಂದುಕೊಂಡು ಬಂದವರೆಲ್ಲ ನನ್ನ ಮುಖಕ್ಕೆ ಬಾಯಿಟ್ಟು ಕೂಗುತ್ತಾರೆ. ಕೂಗಿಕೊಳ್ಳಲಿ ಅಂತ ಸುಮ್ಮನಿರುತ್ತೇನೆ.

ಗೂಡಿನಲ್ಲಿ ಈಗ ಹೊಸ ಹುಡುಗಿ. ದನಿ ಚೆನ್ನಾಗಿದೆ, ಆದರೆ ಬೆನ್ನಟ್ಟಿಕೊಂಡು ಬಂದವರ ಹಾಗೆ ಹೇಳಿ ಮುಗಿಸುತ್ತಾಳೆ. ಕೊನೆಯ ಬಸ್ಸನ್ನು ಅವಳು ಕೂಗುವಾಗ ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಹೊಟ್ಟೆಕಿಚ್ಚು ಅನ್ನು, ಏನಾದರೂ ಅನ್ನು.

ಡಾಕ್ಟರು ನಿಧಾನ ಆಗುತ್ತೆ ಅಂದಿದ್ದಾರೆ. ರಜೆಗೆ ಬರುವ ಅವಸರ ಬೇಡ. ಅಲ್ಲಿ ಚಳಿಯಂತೆ, ಬೆಚ್ಚಗಿನ ಬಟ್ಟೆ ಕಳಿಸಿದ್ದೇನೆ.

ಅಮ್ಮ


ಡಿಸೆಂಬರ್ 7

ಅಮ್ಮ,

ಸ್ವೆಟರ್ ಬಂತು. ತೋಳು ಉದ್ದವಾಗಿದೆ. ನಾನು ಇನ್ನೂ ಬೆಳೆಯುತ್ತಿದ್ದೇನೆ ಅಂದುಕೊಂಡಿದ್ದೀಯ ಅಂತ ಕಾಣುತ್ತದೆ.

ಓದಿನ ವರ್ಷದ ಕೊನೆಗೆ ನಮ್ಮ ಪ್ರದರ್ಶನ. ಪ್ರತಿಯೊಬ್ಬರೂ ಒಬ್ಬರ ದನಿಯನ್ನು ಬರೀ ಅಕ್ಷರದಲ್ಲಿ ತರಬೇಕು. ಆ ಮನುಷ್ಯರನ್ನು ಕಾಣದವರೂ ಗೋಡೆ ನೋಡಿ, ಇವರು ಹೀಗೆ ಮಾತಾಡುತ್ತಾರೆ ಅನ್ನಬೇಕು. ನಾನು ಯಾರನ್ನು ಆರಿಸಿದೆ ಅಂತ ಕೇಳುವುದೇ ಬೇಡ.

ಬಸ್ ಸ್ಟ್ಯಾಂಡಿನವರಿಗೆ ಬರೆದು ನಿನ್ನ ದನಿಯ ಟೇಪು ಇದೆಯಾ ಅಂತ ವಿಚಾರಿಸಿದೆ. ಇಲ್ಲವಂತೆ. ಅಷ್ಟು ವರ್ಷ ದಿನವಿಡೀ ಮೈಕಿನ ಮುಂದೆಯೇ ಇದ್ದೆ, ಒಬ್ಬರಿಗೂ ಹಿಡಿದಿಡಬೇಕು ಅನಿಸಲಿಲ್ಲ. ನನಗೂ ಅನಿಸಲಿಲ್ಲವಲ್ಲ ಅಮ್ಮ. ಹಾಗಾಗಿ ನೆನಪಿನಿಂದಲೇ ಮಾಡಿದೆ. ಕೊನೆಯ ಬಸ್ಸಿನ ಸಾಲು. ಗುಂಡಗಿನ ದೊಡ್ಡ ಅಕ್ಷರ, ಅಚ್ಚ ಕಪ್ಪು, ಒಂದರ ಪಕ್ಕ ಒಂದು, ಎಲ್ಲೂ ಸಂದಿಯಿಲ್ಲ. ಎದುರು ರಸ್ತೆಯಿಂದಲೂ ಓದಬಹುದು.

ಜಾಗ ಮೇಷ್ಟ್ರು ದೂರ ನಿಂತು ನೋಡಿ, ಯಾಕಮ್ಮ, ನಿಮ್ಮ ತಾಯಿಗೆ ಯಾರ ಮೇಲೆ ಸಿಟ್ಟು ಅಂದರು. ಆಮೇಲೆ ನಿನ್ನ ಹಾಗೆಯೇ ಹೇಳಿ ತೋರಿಸಲು ಹೇಳಿದರು. ಹೇಳಿದೆ. ‘ಮೂರನೇ ಅಂಕಣದಿಂದ’ ಆದ ಮೇಲೆ ನಿಂತೆ, ನೀನು ನಿಲ್ಲುತ್ತಿದ್ದೆಯಲ್ಲ, ಹಾಗೆ. ಅಲ್ಲಿ ಯಾಕೆ ನಿಂತೆ ಅಂದರು. ಅಮ್ಮನಿಗೆ ಅಷ್ಟೊತ್ತಿಗೆ ಉಸಿರು ಸಾಲುತ್ತಿರಲಿಲ್ಲ, ದಿನವಿಡೀ ಕೂಗಿ ದಣಿದಿರುತ್ತಿದ್ದಳು ಅಂದೆ. ಅವರು ಹಾಳೆಯ ಕಡೆ ಬೆರಳು ಮಾಡಿ, ಆ ನಿಲುಗಡೆಯನ್ನು ಇಲ್ಲಿ ಬಿಟ್ಟುಬಿಟ್ಟೆಯಾ ಅಂದರು. ಮತ್ತೇನು, ನಿನ್ನ ದಣಿವನ್ನು ಗೋಡೆಗೆ ಹಾಕಲಾ? ನಾನು ಒಪ್ಪಲಿಲ್ಲ. ಒಂದು ಪ್ರತಿ ಸುತ್ತಿ ಕಳಿಸಿದ್ದೇನೆ. ನಿಜ ಹೇಳು, ಇದು ನಿನ್ನ ದನಿಯೇ ತಾನೆ?

ರಜೆಗೆ ಬರಲೇ ಅಂತ ಕೇಳುವುದಿಲ್ಲ. ಬೇಡ ಅನ್ನುತ್ತೀಯ.

ಮಗಳು


ಜನವರಿ 3

ಗುಬ್ಬಿ,

ಹಾಳೆ ಬಂತು. ಸಾಮಾನಿನ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಪೋರ್ಟರುಗಳು ಆಡಿಕೊಂಡರು. ನಿಜಕ್ಕೂ ಚೆನ್ನಾಗಿದೆ ಕಣೆ. ಆಗಲೇ ಇಬ್ಬರು ಅದನ್ನು ಓದಿ ಚೀಲ ಹೊತ್ತು ಮೂರನೇ ಅಂಕಣಕ್ಕೆ ಓಡಿದ್ದಾರೆ. ಆ ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲೇನಿದೆ, ಮಣ್ಣು. ತಿರುಗಿ ಬಂದು ನನಗೆ ಬೈದರು. ನಾನು ಸ್ಲೇಟು ಹುಡುಕುವಷ್ಟರಲ್ಲಿ ಬೈಗುಳ ಮುಗಿದಿತ್ತು.

ನಿಜ ಹೇಳು ಅಂದೆಯಲ್ಲ. ಅದು ನನ್ನದಲ್ಲ, ಸ್ಪೀಕರಿನ ದನಿ. ಕಂಬದ ಮೇಲಿಂದ ಬರುತ್ತಿತ್ತಲ್ಲ, ಅದು. ಗೂಡಿನ ಒಳಗೆ ನಾನು ಯಾವತ್ತೂ ದನಿ ಎತ್ತಿದವಳಲ್ಲ. ಮೈಕಿಗೆ ತುಟಿ ಹತ್ತಿರವಿಟ್ಟು ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಮನೆಯಲ್ಲಿ ನಿನ್ನನ್ನು ಹೇಗೆ ಕರೆಯುತ್ತಿದ್ದೆ, ನೆನಪಿದೆಯಾ?

ಇಷ್ಟೇ. ಕೈ ಸೋತಿದೆ.

ಅಮ್ಮ


ಫೆಬ್ರವರಿ 9

ಅಮ್ಮ,

ನಿನ್ನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ತಿಂಗಳು ಹೋಯಿತು. ಮನೆಯ ದನಿ ನೆನಪಿಗೆ ಬರುತ್ತಿಲ್ಲ. ನೀನು ಆಡಿದ ಮಾತುಗಳೆಲ್ಲ ಇವೆ, ಬಾಚಣಿಗೆ ಎಲ್ಲಿಟ್ಟೆ, ಕಾಲು ತೊಳೆದು ಬಾ, ಎಲ್ಲಾ ಇವೆ. ದನಿ ಮಾತ್ರ ಕಂಬದ ಮೇಲಿನದೇ ಬರುತ್ತದೆ. ಹೆದರಿಕೆಯಾಯಿತು. ಮೊನ್ನೆ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಿನ್ನ ಹಾಗೆ ನನ್ನನ್ನೇ ಕರೆದು ನೋಡಿದೆ. ಯಾರೋ ಬೇರೆಯವರು ಕರೆದ ಹಾಗಿತ್ತು.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ನೀನು ಬೇಡ ಅನ್ನುವ ಮುಂಚೆಯೇ ಎಲ್ಲ ಮುಗಿಸಿಬಿಟ್ಟಿದ್ದೇನೆ. ಏಪ್ರಿಲ್ ಇಪ್ಪತ್ತಕ್ಕೆ ಪ್ರದರ್ಶನ ಶುರು. ಬಾಗಿಲಲ್ಲಿ ಒಂದು ಮೈಕು ಇಡಿಸಿದ್ದೇನೆ. ಉದ್ಘಾಟನೆಗೆ ಯಾವ ದೊಡ್ಡ ಮನುಷ್ಯರೂ ಬರುವುದಿಲ್ಲ, ನೀನು ಬಂದು ಕೊನೆಯ ಬಸ್ಸನ್ನು ಕೂಗುತ್ತೀಯ. ಅಷ್ಟೇ. ಪ್ರಿನ್ಸಿಪಾಲರು ಒಪ್ಪಿದ್ದಾರೆ, ಕರಪತ್ರವೂ ಅಚ್ಚಿಗೆ ಹೋಗಿದೆ. ಇಷ್ಟು ತಿಂಗಳು ಬಾಯಿಗೆ ಬೀಗ ಹಾಕಿದ್ದೀಯ, ಅಷ್ಟರಲ್ಲಿ ದನಿ ಬಂದೇ ಬರುತ್ತದೆ. ಪೂರ್ತಿ ಬರದಿದ್ದರೂ ಪರವಾಗಿಲ್ಲ, ಒಂದು ಸಾಲಿಗೆ ಆಗುವಷ್ಟು ಬಂದರೆ ಸಾಕು.

ಮೊದಲ ಸಲ ಕೇಳುವವಳು ನಾನೇ ಆಗಬೇಕು. ಟೈಲರಮ್ಮನಿಗೂ ಮುಂಚೆ.

ಮಗಳು


ಮಾರ್ಚ್ 1

ಗುಬ್ಬಿ,

ಮೈಕು ಬೇಡ ಅನ್ನು. ನನ್ನ ದನಿ ಬರುವುದಿಲ್ಲ. ಏಪ್ರಿಲಿಗೂ ಇಲ್ಲ, ಆಮೇಲೂ ಇಲ್ಲ.

ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಈಗ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ಒಂದು ತೂತಿನಿಂದ. ಫೋನಿನಲ್ಲಿ ಉಸಿರು ಕೇಳಿಸಲಿಲ್ಲ ಅಂದೆಯಲ್ಲ, ಫೋನು ಬಾಯಿಯ ಹತ್ತಿರವೇ ಇತ್ತು ಕಣೆ. ಬಾಯಲ್ಲಿ ಉಸಿರೇ ಇರಲಿಲ್ಲ. ಬಿಸಿ ಚಹಾ ಊದಿ ಆರಿಸಲೂ ಬರುವುದಿಲ್ಲ ನನಗೆ, ತಟ್ಟೆಗೆ ಸುರಿದು ಕಾಯುತ್ತೇನೆ. ನಿನಗೆ ತಿಳಿಸಬೇಡ ಅಂತ ಟೈಲರಮ್ಮನಿಂದ ಆಣೆ ಹಾಕಿಸಿಕೊಂಡಿದ್ದೆ. ಅವಳನ್ನು ಬೈಯಬೇಡ.

ಡಾಕ್ಟರು ಇದನ್ನೆಲ್ಲ ಜುಲೈಯಲ್ಲೇ ಹೇಳಿದ್ದರು. ನೀನು ಆಗ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ಆಸ್ಪತ್ರೆಗೆ ಸೇರುವ ದಿನವನ್ನು ನಾನೇ ಮುಂದಕ್ಕೆ ಹಾಕಿಸಿದೆ. ನಿನ್ನ ಬಸ್ಸನ್ನು ನಾನೇ ಕೂಗಬೇಕಿತ್ತು. ಅದಾದ ಮೇಲೆ ಮೈಕು ಮುಟ್ಟಿಲ್ಲ.

ಇನ್ನೊಂದು ಹೇಳಬೇಕು. ಅಲ್ಲಿ ನಿಲ್ಲುತ್ತಿದ್ದದ್ದು ಉಸಿರಿಗಲ್ಲ. ನನ್ನ ಉಸಿರು ಯಾವತ್ತೂ ಕಡಿಮೆ ಬಿದ್ದಿರಲಿಲ್ಲ. ನೀನು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ನನ್ನ ಪಾಳಿ ಮುಗಿಯುವವರೆಗೂ ಆ ಬೆಂಚಿನ ಮೇಲೆ ಕೂತಿರುತ್ತಿದ್ದೆಯಲ್ಲ, ಎಲ್ಲರೂ ಬೆಂಚಿನ ಗುಬ್ಬಿ ಅನ್ನುತ್ತಿದ್ದದ್ದು ಅದಕ್ಕೇ ತಾನೆ. ಕೊನೆಯ ಬಸ್ಸಿಗೆ ಜನ ನುಗ್ಗುತ್ತಾರೆ. ಆ ನೂಕುನುಗ್ಗಲಲ್ಲಿ ಮಗುವನ್ನು ಯಾರಾದರೂ ಎಳೆದುಕೊಂಡು ಹೋದರೆ ಅಂತ ನನಗೆ ಜೀವ ಹೋಗಿ ಬರುತ್ತಿತ್ತು. ‘ಹೊರಡಲಿದೆ’ ಅಂದುಬಿಟ್ಟರೆ ಬಸ್ಸು ಹೊರಡುತ್ತದೆ. ಅದಕ್ಕೆ ಮುಂಚೆ ಕಿಟಕಿಯಿಂದ ಬಗ್ಗಿ, ಬೆಂಚಿನ ಮೇಲೆ ನಿನ್ನ ತಲೆ ಕಂಡ ಮೇಲೆ ಆ ಮಾತು ಆಡುತ್ತಿದ್ದೆ. ನೀನು ದೊಡ್ಡವಳಾಗಿ ಬೆಂಚು ಬಿಟ್ಟೆ. ನಾನು ನೋಡುವುದು ಬಿಡಲಿಲ್ಲ. ಮ್ಯಾನೇಜರು ಎರಡು ಸಲ ಗದರಿದ್ದರು.

ನೀನು ಹೊರಟ ದಿನ ಅಭ್ಯಾಸಬಲದಿಂದ ಬೆಂಚು ನೋಡಿದೆ, ಖಾಲಿ. ಆಮೇಲೆ ಬಸ್ಸಿನ ಒಂದೊಂದೇ ಕಿಟಕಿ ಹುಡುಕಿದೆ. ಗಾಜಿನ ಮೇಲೆ ಸಂಜೆಯ ಬಿಸಿಲು ಹೊಳೆದು ಏನೂ ಕಾಣುತ್ತಿರಲಿಲ್ಲ. ಕೊನೆಗೆ ಟ್ರಂಕು ತಬ್ಬಿಕೊಂಡು ಕೂತವಳು ಕಂಡೆ. ಆ ಮೇಲೆ ಹೇಳಿದೆ. ಹೇಳದೆ ಇದ್ದರೆ ಬಸ್ಸು ಹೊರಡುವುದಿಲ್ಲವೇನೋ ಅಂತ ಒಂದು ಗಳಿಗೆ ಅನಿಸಿತ್ತು, ಅದೂ ನಿಜ.

ಈಗ ಬರಬೇಡ. ನನ್ನ ಕುತ್ತಿಗೆಯನ್ನು ನೀನು ನೋಡುವುದು ನನಗೆ ಬೇಡ. ದನಿಯಿದ್ದ ಅಮ್ಮನೇ ನಿನ್ನ ಮನಸ್ಸಿನಲ್ಲಿರಲಿ. ಮುಚ್ಚಿಟ್ಟದ್ದನ್ನು ಹೊಟ್ಟೆಗೆ ಹಾಕಿಕೋ.

ಅಮ್ಮ


ಮಾರ್ಚ್ 22

ಗುಬ್ಬಿ,

ಕಾಗದ ಬರಲಿಲ್ಲ. ಟಪಾಲಿನವನು ನನ್ನ ಮುಖ ತಪ್ಪಿಸಿ ಹೋಗುತ್ತಾನೆ. ಬೈದಾದರೂ ಬರಿ. ನಿನ್ನ ಬೈಗುಳಕ್ಕೆ ಎದುರು ಮಾತಾಡಲು ನನಗೆ ಬಾಯಿಲ್ಲ, ಎಷ್ಟು ಬೇಕಾದರೂ ಬೈಯಬಹುದು.

ಅಮ್ಮ


ಏಪ್ರಿಲ್ 2

ಅಮ್ಮ,

ಬೈಯುವುದಿಲ್ಲ. ನಿನ್ನ ಕಾಗದ ಬಂದ ದಿನವೇ ಇಲ್ಲಿಯ ಬಸ್ ಸ್ಟ್ಯಾಂಡಿಗೆ ಹೋದೆ, ಊರಿಗೆ ಬರಲೆಂದು. ಬೆಂಚಿನ ಮೇಲೆ ಕೂತೆ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಇಲ್ಲಿ ಕೂಗುವಾಕೆ ಎಲ್ಲೂ ನಿಲ್ಲದೆ ಹೇಳಿ ಮುಗಿಸುತ್ತಾಳೆ. ಯಾರನ್ನೂ ನೋಡುತ್ತಿಲ್ಲ ಅಂತ ತಿಳಿಯುತ್ತದೆ. ಎದ್ದು ಹಾಸ್ಟೆಲಿಗೆ ಬಂದುಬಿಟ್ಟೆ. ದನಿ ಬಂದ ಮೇಲೆ ಬಾ ಅಂದಿದ್ದೆ. ಹಾಗಾದರೆ ನಾನು ಇನ್ನು ಯಾವತ್ತೂ ಬರಬಾರದಾ ಅಮ್ಮ?

ಎರಡು ವಾರ ಅತ್ತೆ, ಕೆಲಸ ಮಾಡಿದೆ, ಎರಡೂ ಒಟ್ಟಿಗೆ. ಮೊದಲಿನ ಹಾಳೆ ಹರಿದು ಹಾಕಿದೆ. ಈಗ ಅಕ್ಷರಗಳು ಚಿಕ್ಕವು. ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ, ಹತ್ತಿರ ಹೋಗಿ ಓದಬೇಕು. ಬಾಗಿಲ ಬಳಿ ‘ಪ್ರಯಾಣಿಕರ ಗಮನಕ್ಕೆ’ ಶುರುವಾಗುತ್ತದೆ. ‘ಮೂರನೇ ಅಂಕಣದಿಂದ’ ಆದ ಮೇಲೆ ಬರೀ ಗೋಡೆ. ಬಿಳಿ ಗೋಡೆ, ಉದ್ದಕ್ಕೂ, ಒಂದು ಚುಕ್ಕೆಯೂ ಇಲ್ಲ. ಓದುವವರು ಮುಂದಿನ ಪದ ಎಲ್ಲಿ ಅಂತ ಹುಡುಕುತ್ತಾ ನಡೆಯುತ್ತಾರೆ. ಆ ಕೊನೆಯಲ್ಲಿ ‘ಹೊರಡಲಿದೆ’. ಅದನ್ನು ಕೆಳಗೆ ಬರೆದಿದ್ದೇನೆ, ಬೆಂಚಿನ ಮೇಲೆ ಕೂತ ಮಗುವಿನ ತಲೆಯ ಮಟ್ಟಕ್ಕೆ. ಎದುರಿಗೆ ಒಂದು ಬೆಂಚು ಹಾಕಿಸಿದ್ದೇನೆ.

ಪಕ್ಕದ ಹುಡುಗಿಗೆ ಗೋಡೆ ಸಾಲಲಿಲ್ಲ, ಆ ಖಾಲಿ ಜಾಗದಲ್ಲಿ ತನ್ನದನ್ನು ಹಾಕಿಕೊಳ್ಳಲಾ ಅಂತ ಕೇಳಿದಳು. ಅದು ಖಾಲಿ ಅಲ್ಲ, ಅಲ್ಲಿ ನಮ್ಮಮ್ಮ ಇದ್ದಾಳೆ ಅಂದೆ. ಅವಳು ತನ್ನ ಹಾಳೆ ಎತ್ತಿಕೊಂಡು ಬೇರೆ ಗೋಡೆ ಹುಡುಕಲು ಹೋದಳು.

ಜಾಗ ಮೇಷ್ಟ್ರು ಬಂದಾಗ ನಾನು ಬೆಂಚಿನ ಮೇಲೆ ಕೂತಿದ್ದೆ. ಅವರು ಬಾಗಿಲಿನಿಂದ ಓದುತ್ತಾ ಗೋಡೆಯುದ್ದಕ್ಕೂ ನಡೆದು ಬಂದರು, ಬಗ್ಗಿ ಕೊನೆಯ ಪದ ಓದಿದರು. ಆಮೇಲೆ ನನ್ನ ಹತ್ತಿರ ಬಂದು, “ಸ್ವಲ್ಪ ಜಾಗ ಬಿಡಮ್ಮ” ಅಂದು ಪಕ್ಕದಲ್ಲಿ ಕೂತರು.

ಮನೆಯಲ್ಲಿ ನೀನು ಹೇಗೆ ಕರೆಯುತ್ತಿದ್ದೆ ಅನ್ನುವುದು ಇನ್ನೂ ನೆನಪಾಗಿಲ್ಲ. ಆ ನಿಲುಗಡೆ ಮಾತ್ರ ಚೆನ್ನಾಗಿ ನೆನಪಿದೆ. ನೀನು ನೋಡುತ್ತಿದ್ದೆ ಅಂತ ಗೊತ್ತಿಲ್ಲದೆಯೇ ಅದು ಬಂದ ಕೂಡಲೇ ನಾನು ಕಾಲು ಆಡಿಸುವುದು ನಿಲ್ಲಿಸುತ್ತಿದ್ದೆ.

ಮೈಕು ತೆಗೆಸುತ್ತೇನೆ. ನಾನು ಬರುವುದು ಬೇಡವಾದರೆ ನೀನು ಬಾ. ಕುತ್ತಿಗೆಗೆ ಬೇಕಾದರೆ ಬಟ್ಟೆ ಸುತ್ತಿಕೋ, ಬೇಡವಾದರೆ ಬಿಡು. ನನಗೆ ನೀನು ಬೇಕು. ದನಿ ಕೇಳಲು ಅಲ್ಲ.

ಮಗಳು


ಏಪ್ರಿಲ್ 12

ಗುಬ್ಬಿ,

ಬರುತ್ತೇನೆ.

ನಿನ್ನ ಕಾಗದವನ್ನು ಟೈಲರಮ್ಮ ಗಟ್ಟಿಯಾಗಿ ಓದಿ ಹೇಳು ಅಂದಳು, ಅವಳ ಕನ್ನಡಕ ಒಡೆದಿದೆ. ನಾನು ಗಟ್ಟಿಯಾಗಿ ಓದುವುದೆಲ್ಲಿಂದ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ನಗುವಾಗಲೂ ನನ್ನಿಂದ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ನೋಡಿ ಹೆದರಬೇಡ. ಆಮೇಲೆ ಅವಳೇ ಕೂತು ಕೈಯಂದಾಜಿನಲ್ಲೇ ನನಗೊಂದು ತೆಳ್ಳನೆಯ ಹತ್ತಿಯ ಕುತ್ತಿಗೆಪಟ್ಟಿ ಹೊಲಿದಳು, ಉಸಿರಾಡಲು ಸಡಿಲವಾಗಿ, ಸೀರೆಗೆ ಹೊಂದುವ ಬಣ್ಣದ್ದು.

ಮೈಕು ತೆಗೆಸಬೇಡ. ನೀನೇ ಓದು. ಅಂಕಣದಿಂದ ಅಂದ ಮೇಲೆ ಅವಸರ ಮಾಡಬೇಡ, ಜನರ ಮಧ್ಯೆ ನಾನು ಎಲ್ಲಿ ನಿಂತಿದ್ದೇನೆ ಅಂತ ಹುಡುಕು. ಕಂಡ ಮೇಲೆ ಉಳಿದದ್ದು ಹೇಳು. ಅಷ್ಟೇ ಆ ನಿಲುಗಡೆಯ ಕೆಲಸ.

ಹತ್ತೊಂಬತ್ತರ ಕೊನೆಯ ಬಸ್ಸಿಗೆ ಹೊರಡುತ್ತೇನೆ. ಹೊಸ ಹುಡುಗಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದ್ದೇನೆ, ನನ್ನ ಬಸ್ಸು ಕೂಗುವಾಗ ನಡುವೆ ಒಂಚೂರು ನಿಲ್ಲಿಸು, ನಾನು ಸರಿಯಾಗಿ ಕೂತಿದ್ದೇನಾ ನೋಡು ಅಂತ. ಆಗಲಿ ಅಕ್ಕ ಅಂದಿದ್ದಾಳೆ. ಈ ಸಲ ಬಾಗಿಲು ಹಾಕಿಕೊಳ್ಳದೆ ಕೇಳುತ್ತೇನೆ.

ಬೆಳಗ್ಗೆ ಬಂದು ಇಳಿಯುತ್ತೇನೆ. ಅಲ್ಲಿ ಜನ ಜಾಸ್ತಿಯಂತೆ. ನೀನು ಅಂಕಣದಿಂದ ಅಂಕಣಕ್ಕೆ ಓಡಾಡಿ ಹುಡುಕಬೇಡ, ನೀನು ಆ ಕಡೆ ಹೋದರೆ ನಾನು ಕೂಗಿ ಕರೆಯಲಾರೆ. ಯಾವುದಾದರೂ ಒಂದು ಬೆಂಚಿನ ಮೇಲೆ ಸುಮ್ಮನೆ ಕೂತಿರು. ನಾನು ಕಿಟಕಿಯ ಪಕ್ಕ ಕೂತು ಬರುತ್ತೇನೆ, ನೋಡುತ್ತೇನೆ.

ಅಮ್ಮ